ಮೈಸೂರಿನ ಟೆರೇಸ್‌ನಿಂದ ಗ್ಯಾಲಕ್ಸಿ ಫೋಟೋ: ಆರು ಇಂಚಿನ ಟೆಲಿಸ್ಕೋಪ್ ಜೊತೆ ಎರಡು ವರ್ಷ

ಆರು ಇಂಚಿನ ನ್ಯೂಟೋನಿಯನ್ (ಲೆನ್ಸ್ ಬದಲು ಕನ್ನಡಿಯಿಂದ ಬೆಳಕು ಹಿಡಿಯುವ) ಟೆಲಿಸ್ಕೋಪ್ ತಗೊಂಡು ಎರಡು ವರ್ಷ ಆಯ್ತು. ಕನ್ನಡಿ 150 ಮಿ.ಮೀ., ಫೋಕಲ್ ಲೆಂಗ್ತ್ (ಕನ್ನಡಿಯಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) 750 ಮಿ.ಮೀ. ಜೊತೆಗೆ ಮೋಟಾರ್ ಇರುವ ಈಕ್ವಟೋರಿಯಲ್ ಮೌಂಟ್ (ನಕ್ಷತ್ರಗಳು ಸರಿದಂತೆ ಟೆಲಿಸ್ಕೋಪನ್ನೂ ತಿರುಗಿಸುವ ಸ್ಟ್ಯಾಂಡ್), ನನ್ನ ಹಳೆಯ ಡಿಎಸ್‌ಎಲ್‌ಆರ್. ಮನೆ ಮೈಸೂರಿನ ರಿಂಗ್ ರೋಡ್ ಹತ್ತಿರ. ಇದನ್ನು ಕೊಂಡಿದ್ದೇ ಗ್ಯಾಲಕ್ಸಿಗಳ ಫೋಟೋ ತೆಗೆಯೋಕೆ, ಹಾಗಾಗಿ ಅದೊಂದರ ಬಗ್ಗೆಯೇ ಬರೆಯುತ್ತೇನೆ.

ಮೊದಲು ಆಂಡ್ರೋಮಿಡಾ ಗ್ಯಾಲಕ್ಸಿಗೆ ತಿರುಗಿಸಿದೆ. ಅಕ್ಟೋಬರ್‌ನಲ್ಲಿ ಅದು ಚೆನ್ನಾಗಿ ಮೇಲೆ ಬರುತ್ತದೆ, ಆದರೆ ಆಗಲೇ ದಸರಾ ದೀಪಾಲಂಕಾರ. 30 ಸೆಕೆಂಡ್‌ಗೇ ಫ್ರೇಮ್ ಪೂರ್ತಿ ಬೆಳ್ಳಗಾಯಿತು. ಅದೂ ಅಲ್ಲದೆ ಆಂಡ್ರೋಮಿಡಾ ಸುಮಾರು 3 ಡಿಗ್ರಿ ಉದ್ದ, ಈ ಟ್ಯೂಬಿಗೆ ನನ್ನ ಕ್ಯಾಮೆರಾ ಹಾಕಿದರೆ ಎರಡು ಡಿಗ್ರಿಯೂ ಸಿಗಲ್ಲ.

ಆಮೇಲೆ ಡ್ಯುಯಲ್ ಬ್ಯಾಂಡ್ ಫಿಲ್ಟರ್ ತರಿಸಿದೆ, ಅದು ಎರಡು ಕಿರಿದಾದ ಬಣ್ಣದ ಪಟ್ಟಿಗಳನ್ನು ಮಾತ್ರ ಬಿಟ್ಟು ಉಳಿದ ಬೆಳಕನ್ನು ತಡೆಯುತ್ತದೆ. ಒರಾಯನ್ ನೆಬ್ಯುಲಾಗೆ (ಅನಿಲ, ಧೂಳಿನ ಮೋಡ) ತುಂಬಾ ಚೆನ್ನಾಗಿದೆ, ಅಲ್ಲಿನ ಅನಿಲ ಕೆಲವೇ ಬಣ್ಣಗಳಲ್ಲಿ ಹೊಳೆಯುತ್ತದಲ್ವಾ. ಗ್ಯಾಲಕ್ಸಿ ಹಾಗಲ್ಲ. ಅದು ಕೋಟಿ ಕೋಟಿ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣವೂ ಸೇರಿರುತ್ತದೆ, ಬಿಳಿ ಎಲ್‌ಇಡಿ ಬೀದಿದೀಪದ ಬೆಳಕೂ ಹಾಗೇ, ಹಾಗಾಗಿ ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಗ್ಯಾಲಕ್ಸಿಗಾಗಿ ಫಿಲ್ಟರ್ ಕೊಳ್ಳಬೇಡಿ. ಆ ದುಡ್ಡನ್ನು ಊರಾಚೆ ಹೋಗೋಕೆ ಪೆಟ್ರೋಲಿಗೆ ಇಟ್ಟುಕೊಳ್ಳಿ.

ನಿಜವಾಗಿ ನೆರವಾಗಿದ್ದು ನಮ್ಮ ಊರು ಇರುವ ಜಾಗ. ಮೈಸೂರು 12.3 ಡಿಗ್ರಿ ಉತ್ತರದಲ್ಲಿದೆ. 2019ರಲ್ಲಿ ಕಪ್ಪು ಕುಳಿಯ ಮೊದಲ ಚಿತ್ರ ಬಂತಲ್ಲ, ಆ ಎಂ87 ಗ್ಯಾಲಕ್ಸಿ ಆಕಾಶದ ಸಮಭಾಜಕದಿಂದ 12.4 ಡಿಗ್ರಿ ಉತ್ತರದಲ್ಲಿದೆ, ಭೂಮಿಯ ಅಕ್ಷಾಂಶದ ಹಾಗೇ ಇದೂ ಒಂದು ಅಳತೆ. ಅಂದರೆ ಅದು ಸರಿಯಾಗಿ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತದೆ, ಏಪ್ರಿಲ್ ಶುರುವಿನಲ್ಲಿ ಮಧ್ಯರಾತ್ರಿ ಸುಮಾರಿಗೆ. ನೆತ್ತಿಯ ಮೇಲೆ ಊರಿನ ಬೆಳಕು ಅತಿ ಕಡಿಮೆ, ಗಾಳಿಯ ಪದರವೂ ತೆಳು. ಟೆರೇಸ್‌ನಿಂದ ನನಗೆ ಸಿಕ್ಕ ಒಳ್ಳೆಯ ಫೋಟೋಗಳೆಲ್ಲ ಎಂ87 ಇರುವ ಈ ಕನ್ಯಾ ರಾಶಿಯ ಗ್ಯಾಲಕ್ಸಿ ಗುಂಪಿನವೇ. ಆದರೆ ಇದೇ ಕಾರಣಕ್ಕೆ ಧ್ರುವ ನಕ್ಷತ್ರ ಬರೀ 12 ಡಿಗ್ರಿ ಎತ್ತರದಲ್ಲಿರುತ್ತದೆ. ಮೌಂಟಿನ ಅಕ್ಷವನ್ನು ಅದರ ಕಡೆಗೇ ಗುರಿ ಇಡಬೇಕು, ಆದರೆ ನಮ್ಮ ಮನೆಯಿಂದ ಅದು ಪಕ್ಕದ ಕಟ್ಟಡದ ಹಿಂದೆ ಹೋಗುತ್ತದೆ, ಮೌಂಟ್ ಹೊಂದಿಸೋಕೇ ಅರ್ಧ ಗಂಟೆ ಬೇಕು.

ಅಮಾವಾಸ್ಯೆ ಹತ್ತಿರ ಬಂದರೆ ನಾಗಮಂಗಲ ಕಡೆ ಸೋದರಮಾವನ ತೋಟಕ್ಕೆ ಹೋಗುತ್ತೇನೆ. ಅಲ್ಲಿ ಒಂದೊಂದು ಫ್ರೇಮ್ ಎರಡು ನಿಮಿಷ ತೆರೆಯಬಹುದು. ಆಕಾಶ ಒಂದು ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಒಂದು ಹೆಜ್ಜೆಗೆ ಸುಮಾರು ಎರಡೂವರೆ ಪಟ್ಟು) ಜಾಸ್ತಿ ಬೆಳಗಿದರೆ ಅದೇ ಗುಣಮಟ್ಟಕ್ಕೆ ಎರಡೂವರೆ ಪಟ್ಟು ಹೊತ್ತು ಬೇಕು, ಈ ಲೆಕ್ಕ ಅಲ್ಲಿ ಕಣ್ಣಿಗೇ ಕಾಣುತ್ತದೆ. ಮಾವ ಪಂಪ್‌ಸೆಟ್ ಮನೆಯ ಬಲ್ಬು ಆರಿಸಿ ಬಂದು, "ಏನ್ ಕಾಣ್ತದೆ ಮಗ?" ಅಂತ ಪಕ್ಕದಲ್ಲೇ ಕೂರುತ್ತಾರೆ. ಕಳೆದ ವರ್ಷ ಊರ ಸರ್ಕಲ್‌ನಲ್ಲಿ ಹೈಮಾಸ್ಟ್ ದೀಪ ಬಂತು. ಅಲ್ಲಿಂದ ಪೂರ್ವ ದಿಕ್ಕು ತುಂಬಾ ಬೆಳ್ಳಗಾಗಿದೆ. ಅದನ್ನು ನೋಡಿದಾಗ ಸಂಕಟ ಆಗುತ್ತದೆ.

ಟೆಲಿಸ್ಕೋಪಿನ ಕೊರತೆಗಳೂ ಇವೆ. ಹಳ್ಳಿ ರಸ್ತೆಯಲ್ಲಿ ಕಾರು ಕುಲುಕಿದರೆ ಕನ್ನಡಿಗಳ ಹೊಂದಾಣಿಕೆ ತಪ್ಪುತ್ತದೆ, ಪ್ರತಿ ಸಲ ಸರಿಮಾಡಬೇಕು. ಕ್ಯಾಮೆರಾ ಭಾರಕ್ಕೆ ಫೋಕಸರ್ (ಕ್ಯಾಮೆರಾ ಕೂರಿಸಿ ಫೋಕಸ್ ಮಾಡುವ ಭಾಗ) ಸ್ವಲ್ಪ ವಾಲುತ್ತದೆ. ಇಬ್ಬನಿಗೆ ಒಳಗಿನ ಚಿಕ್ಕ ಕನ್ನಡಿ ಮಂಜಾಗುತ್ತದೆ, ಹೀಟರ್ ಪಟ್ಟಿ ಬೇಕೇ ಬೇಕು. ಗಾಳಿ ಬೀಸಿದರೆ ಸುಮ್ನೆ ಎತ್ತಿಡಿ.

ಇಷ್ಟಿದ್ದರೂ ಮಾರುವ ಯೋಚನೆ ಇಲ್ಲ. ಶಿವರಾತ್ರಿಗೆ ಹೇಗೂ ಜಾಗರಣೆ, ಅಮಾವಾಸ್ಯೆಯ ಹಿಂದಿನ ರಾತ್ರಿ ಆದ್ದರಿಂದ ಚಂದ್ರನ ಕಾಟವೂ ಇಲ್ಲ. ಮಧ್ಯರಾತ್ರಿ ಕಳೆದ ಮೇಲೆ ಸಿಂಹ ರಾಶಿಯ ಮೂರು ಗ್ಯಾಲಕ್ಸಿಗಳು, ಎಂ65, ಎಂ66, ಎನ್‌ಜಿಸಿ 3628, ನೆತ್ತಿಗೆ ಬರುತ್ತವೆ. ಮೂರೂ ಈ ಟ್ಯೂಬಿನ ಒಂದೇ ಫ್ರೇಮಿನಲ್ಲಿ ಹಿಡಿಯುತ್ತವೆ. ಮಾವನಿಗೆ ಆಗಲೇ ಹೇಳಿಟ್ಟಿದ್ದೇನೆ.