ಪಾಸೋ, ಮುಂಗಡ ಟಿಕೆಟ್ಟೋ, ವಿಮಾನವೋ: ಮ್ಯೂನಿಕ್‌ನಿಂದ ರಜೆಗೆ ಹೊರಡುವವರಿಗೆ ಒಂದು ಹೋಲಿಕೆ

ಆಸ್ಟ್ರೇಲಿಯದ ಪಾಸ್‌ಪೋರ್ಟ್ ಇಟ್ಟುಕೊಂಡು ಜರ್ಮನಿಯಲ್ಲಿ ನೆಲೆಸಿದವರು ರೈಲು ಪಾಸ್ ಕೊಳ್ಳುವಾಗ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಸಿಡ್ನಿಯ ಗೆಳೆಯರು ಹೇಳಿದರೆಂದು ಯುರೇಲ್ ಪಾಸ್ ಕೊಂಡುಬಿಡುತ್ತಾರೆ. ಅದು ಯುರೋಪಿನ ಹೊರಗೆ ವಾಸಿಸುವವರಿಗೆ. ಇಲ್ಲಿ ವಾಸವಿರುವವರಿಗೆ ಸಿಗುವುದು ಇಂಟರ್‌ರೇಲ್. ಪೌರತ್ವ ಯಾವುದಿದ್ದರೂ ಸರಿ, ನೋಡುವುದು ವಾಸದ ಪರವಾನಗಿಯನ್ನು. ಬೆಂಗಳೂರಿನಿಂದ ಕೆಲಸಕ್ಕೆ ಬಂದು ಮ್ಯೂನಿಕ್‌ನಲ್ಲಿರುವವರಿಗೂ ಇದೇ ನಿಯಮ. ಪಾಸ್ ತೋರಿಸುವಾಗ ಪಾಸ್‌ಪೋರ್ಟಿನ ಜೊತೆ ಪರವಾನಗಿ ಕಾರ್ಡೂ ಕೈಯಲ್ಲಿರಲಿ.

ಆಸ್ಟ್ರೇಲಿಯದಿಂದ ಬಂದವರಿಗೆ ಊರಿಂದೂರಿಗೆ ಹೋಗುವುದೆಂದರೆ ವಿಮಾನವೇ ನೆನಪಾಗುತ್ತದೆ. ಸಿಡ್ನಿ–ಮೆಲ್ಬರ್ನ್ ರೈಲು ಸುಮಾರು 11 ಗಂಟೆ ತೆಗೆದುಕೊಳ್ಳುವ ದೇಶದಲ್ಲಿ ಅದು ಸಹಜ. ಇಲ್ಲಿ ಆ ಅಭ್ಯಾಸ ಬಿಡಬೇಕು. ಮ್ಯೂನಿಕ್–ವಿಯೆನ್ನಾ ದಾರಿಯನ್ನೇ ನೋಡಿ. ರೈಲ್‌ಜೆಟ್ ರೈಲಿಗೆ ನಾಲ್ಕು ಗಂಟೆ, ಇಳಿಯುವುದು ಊರ ನಡುವೆ. ವಿಮಾನ ಹಾರುವುದು ಒಂದೇ ಗಂಟೆಯಾದರೂ ಎಸ್‌–ಬಾನ್‌ನಲ್ಲಿ (ನಗರ ರೈಲು) ವಿಮಾನ ನಿಲ್ದಾಣಕ್ಕೆ 40 ನಿಮಿಷ, ಭದ್ರತಾ ತಪಾಸಣೆ ಮತ್ತು ಕಾಯುವಿಕೆಗೆ ಒಂದೂವರೆ–ಎರಡು ಗಂಟೆ, ಆ ಕಡೆ ಊರೊಳಗೆ ಹೋಗಲು ಮತ್ತೆ ಅರ್ಧ ಗಂಟೆ ಬೇಕು. ಮನೆ ಬಾಗಿಲಿನಿಂದ ಲೆಕ್ಕ ಹಾಕಿದರೆ ರೈಲೇ ಮುಂದು. ರೈಲಿನಲ್ಲಿ ಆರೇಳು ಗಂಟೆಯೊಳಗೆ ಮುಟ್ಟುವ ಊರಿಗೆ ವಿಮಾನ ಬೇಡವೆಂಬುದು ನಮ್ಮ ತೀರ್ಮಾನ. ವಿಯೆನ್ನಾ, ಜೂರಿಕ್, ಪ್ರಾಗ್, ವೆರೋನಾ, ವೆನಿಸ್ ಎಲ್ಲವೂ ಈ ಅಳತೆಯೊಳಗೇ ಬರುತ್ತವೆ.

ಇಂಟರ್‌ರೇಲ್ ಪಾಸ್

ಗ್ಲೋಬಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ಒಂದು ತಿಂಗಳಲ್ಲಿ 4, 5 ಅಥವಾ 7 ಪ್ರಯಾಣದ ದಿನ, ಎರಡು ತಿಂಗಳಲ್ಲಿ 10 ಅಥವಾ 15 ದಿನ ಎಂಬಂತೆ ಆಯ್ಕೆಗಳಿವೆ. ಎರಡನೇ ದರ್ಜೆಯ ನಾಲ್ಕು ದಿನದ ವಯಸ್ಕರ ಪಾಸಿಗೆ 280–300 ಯೂರೋ ಆಸುಪಾಸು, ಅಂದರೆ ದಿನಕ್ಕೆ 70ರ ಮೇಲೆ. ಏಳು ದಿನದ್ದಾದರೆ ದಿನದ ಬೆಲೆ 55ರ ಸುತ್ತ ಇಳಿಯುತ್ತದೆ. 27 ವರ್ಷದವರೆಗೆ ರಿಯಾಯಿತಿ ಇದೆ. 4ರಿಂದ 11 ವರ್ಷದ ಇಬ್ಬರು ಮಕ್ಕಳು ಒಬ್ಬ ವಯಸ್ಕರ ಜೊತೆ ಉಚಿತ, ಆದರೆ ಅವರ ಹೆಸರಿಗೂ ಪಾಸ್ ಮಾಡಿಸಲೇಬೇಕು.

ಇದರ ದೊಡ್ಡ ತೊಡಕು ವಾಸದ ದೇಶದ ನಿಯಮ. ಜರ್ಮನಿಯೊಳಗೆ ಆ ಪಾಸ್ ಹೊರಡುವಾಗ ಒಮ್ಮೆ, ಮರಳುವಾಗ ಒಮ್ಮೆ ಮಾತ್ರ ನಡೆಯುತ್ತದೆ. 10 ದಿನದ ಪಾಸನ್ನು ಎರಡು ಬಿಡಿ ಪ್ರವಾಸಗಳಿಗೆ ಹಂಚಿಕೊಂಡರೆ ಎರಡನೇ ಸಲ ಗಡಿಯವರೆಗೆ ಬೇರೆ ಟಿಕೆಟ್ ಬೇಕು. ಮ್ಯೂನಿಕ್‌ನವರಿಗೆ ಇದಕ್ಕೆ ಒಳ್ಳೆಯ ದಾರಿ ಜರ್ಮನಿಯ ಪ್ರಾದೇಶಿಕ ರೈಲು, ಬಸ್ಸುಗಳಿಗೆ ನಡೆಯುವ ತಿಂಗಳ ಟಿಕೆಟ್ಟಾದ ಡಾಯ್ಚ್‌ಲಾಂಡ್‌ಟಿಕೆಟ್. ಕೆಲಸಕ್ಕೆ ಓಡಾಡಲು ತಿಂಗಳ ಚಂದಾ ಹೇಗೂ ಕಟ್ಟಿರುತ್ತೀರಿ. 2023ರ ಮೇನಲ್ಲಿ 49 ಯೂರೋಗೆ ಶುರುವಾದದ್ದು 2026ರ ಜನವರಿಯಿಂದ 63 ಆಗಿದೆ. ಪ್ರಾದೇಶಿಕ ರೈಲಿನಲ್ಲಿ ಅದು ಆಸ್ಟ್ರಿಯದ ಸಾಲ್ಜ್‌ಬರ್ಗ್ ಮತ್ತು ಕುಫ್‌ಸ್ಟೈನ್ ನಿಲ್ದಾಣಗಳವರೆಗೂ ನಡೆಯುತ್ತದೆ. ಸಾಲ್ಜ್‌ಬರ್ಗ್‌ಗೆ ಸುಮಾರು ಎರಡು ಗಂಟೆ, ಅಲ್ಲಿಂದ ಮುಂದೆ ಪಾಸ್. ಅದೇ ಹಳಿಯಲ್ಲಿ ಓಡುವ ರೈಲ್‌ಜೆಟ್ ಅಥವಾ ಯೂರೋಸಿಟಿ ಹತ್ತಿದರೆ ಮಾತ್ರ ಡಾಯ್ಚ್‌ಲಾಂಡ್‌ಟಿಕೆಟ್ ನಡೆಯದು, ದಂಡ ಬೀಳುತ್ತದೆ.

ಪಾಸಿದ್ದರೆ ಎಲ್ಲ ರೈಲೂ ಹತ್ತಬಹುದೆಂದು ತಿಳಿಯಬೇಡಿ. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹಗಲಿನ ಬಹುತೇಕ ರೈಲುಗಳಿಗೆ ಸೀಟು ಕಾಯ್ದಿರಿಸುವ ಕಡ್ಡಾಯವಿಲ್ಲ. ಪಾಸಿನ ನಿಜವಾದ ಸುಖ ಇಲ್ಲಿದೆ. ಇನ್ಸ್‌ಬ್ರುಕ್‌ನಲ್ಲಿ ಮಳೆ ಹಿಡಿಯಿತೇ, ಮುಂದಿನ ರೈಲಿಗೆ ಜೂರಿಕ್ ಕಡೆ ಹೊರಟರಾಯಿತು. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾ, ಸ್ಪೇನಿನ ಎವಿಇ, ಲಂಡನ್ನಿಗೆ ಹೋಗುವ ಯೂರೋಸ್ಟಾರ್ ಎಂಬ ವೇಗದ ರೈಲುಗಳಿಗೆ ಪಾಸಿನ ಮೇಲೆ 10 ಯೂರೋದಿಂದ 30ರ ಮೇಲಿನವರೆಗೂ ಕಾಯ್ದಿರಿಸುವ ಶುಲ್ಕ ಕೊಡಬೇಕು. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ರೈಲುಗಳಲ್ಲಿ ಪಾಸಿನವರಿಗೆ ಇಷ್ಟೇ ಸೀಟು ಎಂಬ ಮಿತಿಯೂ ಇದೆ. ಅದು ತುಂಬಿದರೆ ರೈಲಿನಲ್ಲಿ ಜಾಗವಿದ್ದರೂ ನಿಮಗೆ ಸಿಗುವುದಿಲ್ಲ. ಫ್ರಾನ್ಸ್, ಸ್ಪೇನ್‌ಗಳನ್ನಷ್ಟೇ ನೋಡುವವರಿಗೆ ಪಾಸ್ ಕೊಂಡರೆ ದುಡ್ಡು ದಂಡ.

ಪಾಸ್ ಇರುವ ಫೋನಿನ ಆ್ಯಪ್‌ನಲ್ಲೂ ಎಚ್ಚರ ಬೇಕು. ರೈಲು ಹತ್ತುವ ಮೊದಲೇ ಆ ಪ್ರಯಾಣವನ್ನು ಪಾಸಿಗೆ ಸೇರಿಸಿ ಕ್ಯೂಆರ್ ಕೋಡ್ ತೆಗೆದಿಟ್ಟುಕೊಳ್ಳಬೇಕು. ಸೇರಿಸದೆ ಹತ್ತಿದರೆ ಟಿಕೆಟ್ ಇಲ್ಲದ ಹಾಗೆಯೇ ಲೆಕ್ಕ. ಮೂರು ದಿನಕ್ಕೊಮ್ಮೆಯಾದರೂ ಆ್ಯಪ್ ಇಂಟರ್ನೆಟ್ ಮುಟ್ಟಬೇಕು. ಪ್ರಯಾಣದ ದಿನ ಶುರುವಾದ ಮೇಲೆ ಅದನ್ನು ರದ್ದು ಮಾಡಲಾಗದು, ಆದ್ದರಿಂದ ಹೊರಡುವುದು ಖಚಿತವಾದ ಮೇಲೆಯೇ ಸೇರಿಸಿ.

ಮುಂಗಡ ಟಿಕೆಟ್

ಹೋಗಿಬರುವುದು ಒಂದೇ ಊರಿಗೆ, ದಿನಾಂಕವೂ ಗಟ್ಟಿ ಎಂದಾದರೆ ಪಾಸಿನ ಯೋಚನೆಯೇ ಬೇಡ. ಜರ್ಮನಿಯ ರೈಲು ಕಂಪನಿ ಡಾಯ್ಚ ಬಾನ್‌ನ ಸ್ಪಾರ್‌ಪ್ರೈಸ್ ಅಥವಾ ಆಸ್ಟ್ರಿಯದ ರೈಲು ಕಂಪನಿ ಓಬಿಬಿಯ ಸ್ಪಾರ್‌ಶೀನೆ ಟಿಕೆಟ್ ಕೆಲವು ತಿಂಗಳು ಮೊದಲೇ ತೆಗೆದರೆ ಪಾಸಿನ ಒಂದು ದಿನದ ಬೆಲೆಗಿಂತ ಬಹಳ ಅಗ್ಗ. ಒಂದೇ ರೈಲನ್ನು ಎರಡೂ ಕಡೆ ಹುಡುಕಿ ನೋಡಿ, ಬೆಲೆ ಬೇರೆ ಬೇರೆ ಇರುತ್ತದೆ.

ಕೈ ಕೊಡುವುದು ರೈಲು ಬದಲಿಸುವಲ್ಲಿ. ಮ್ಯೂನಿಕ್–ವೆರೋನಾ ಒಂದು ಟಿಕೆಟ್, ವೆರೋನಾ–ಫ್ಲಾರೆನ್ಸ್ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಎಂದಿಟ್ಟುಕೊಳ್ಳಿ. ಬ್ರೆನ್ನರ್ ಕಣಿವೆಯಲ್ಲಿ ರೈಲು ನಿಧಾನವಾದರೆ ಎರಡನೆಯದು ನೀರು ಪಾಲು. ಇಂಥ ಕಡೆ ನಡುವೆ ಒಂದೂವರೆ ಗಂಟೆಯಾದರೂ ಬಿಡುವು ಇಡಿ, ಇಲ್ಲವೇ ಪೂರ್ತಿ ದಾರಿಗೆ ಒಂದೇ ಟಿಕೆಟ್ ತೆಗೆಯಿರಿ. ಯುರೋಪಿಯನ್ ಒಕ್ಕೂಟದ ನಿಯಮದಂತೆ ರೈಲು 60 ನಿಮಿಷ ತಡವಾದರೆ ಟಿಕೆಟ್ ದರದ 25%, 120 ನಿಮಿಷ ದಾಟಿದರೆ 50% ಪರಿಹಾರವಿದೆ. ಕಂಪನಿಯ ಕೈಮೀರಿದ ವಿಪರೀತ ಹವಾಮಾನಕ್ಕೆ ಇದು ಸಿಗುವುದಿಲ್ಲ.

ರಾತ್ರಿ ರೈಲು

ಮ್ಯೂನಿಕ್–ರೋಮ್ ದಾರಿಗೆ ನಮ್ಮ ಮೊದಲ ಆಯ್ಕೆ ಓಬಿಬಿಯ ನೈಟ್‌ಜೆಟ್. ಸಂಜೆ ಹತ್ತಿದರೆ ಬೆಳಿಗ್ಗೆ ರೋಮ್, ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ. ಕುಳಿತು ಹೋಗುವ ಸೀಟು ಅಗ್ಗವೆಂದು ತೆಗೆಯಬೇಡಿ, ಮರುದಿನವೆಲ್ಲ ನಿದ್ದೆಗಣ್ಣು. ಮಲಗುವ ಕೂಷೆಟ್ ಡಬ್ಬಿಯಲ್ಲಿ ಆರು ಜನರದ್ದಕ್ಕಿಂತ ನಾಲ್ಕು ಜನರದ್ದು ಮೇಲು, ಸೂಟ್‌ಕೇಸಿಗೆ ಜಾಗವಿರುತ್ತದೆ. ಇಂಟರ್‌ರೇಲ್ ಇದ್ದವರೂ ಬರ್ತ್‌ಗೆ ಬೇರೆ ಹಣ ಕಟ್ಟಬೇಕು, ಆದರೆ ನಡುರಾತ್ರಿಯ ನಂತರ ರೈಲು ಬದಲಿಸದಿದ್ದರೆ ಹೊರಟ ದಿನವೊಂದೇ ಪಾಸಿನ ಲೆಕ್ಕಕ್ಕೆ ಹೋಗುತ್ತದೆ. ಆಗಸ್ಟ್ 15ರ ಫೆರ್ರಾಗೋಸ್ತೊ ಹಬ್ಬದ ಆಸುಪಾಸು ಇಟಲಿಗೆ ಇಟಲಿಯೇ ರಜೆಯಲ್ಲಿರುತ್ತದೆ. ಡಿಸೆಂಬರ್–ಜನವರಿಯ ಬೇಸಿಗೆ ರಜೆಗೆ ಒಗ್ಗಿದ ಆಸ್ಟ್ರೇಲಿಯದವರಿಗೆ ಇದು ಮರೆತುಹೋಗುತ್ತದೆ. ಆ ವಾರಗಳ ಬರ್ತ್ ಬುಕಿಂಗ್ ತೆರೆದ ಕೂಡಲೇ ಹಿಡಿಯಿರಿ.

ವಿಮಾನ

ಲಿಸ್ಬನ್, ಅಥೆನ್ಸ್, ಡಬ್ಲಿನ್‌ಗಳಿಗೆ ವಿಮಾನವೇ ಸರಿ. ಟಿಕೆಟ್ ದರದ ಜೊತೆ ಚೀಲದ ದರ, ನಿಲ್ದಾಣದ ದೂರ ಎರಡನ್ನೂ ಕೂಡಿಸಿ ನೋಡಿ. ಮ್ಯೂನಿಕ್ ಹೆಸರಿನಲ್ಲಿ ತೋರಿಸುವ ಮೆಮ್ಮಿಂಗನ್ ನಿಲ್ದಾಣ 110 ಕಿ.ಮೀ. ಆಚೆಗಿದೆ. ಮೊಸರನ್ನದ ಡಬ್ಬಿ, ಉಪ್ಪಿನಕಾಯಿ, ವೆಜಿಮೈಟ್ ಬಾಟಲಿ ಯಾವುದೇ ಇರಲಿ, ಕೈಚೀಲದಲ್ಲಿ 100 ಮಿ.ಲೀ. ಮೀರಿದರೆ ತಪಾಸಣೆಯಲ್ಲಿ ನಿಲ್ಲಿಸಬಹುದು. ರೈಲಿನಲ್ಲಿ ಯಾರೂ ಕೇಳುವುದಿಲ್ಲ. ಪರಿಹಾರದಲ್ಲಿ ಮಾತ್ರ ವಿಮಾನ ಮೇಲು: ಮೂರು ಗಂಟೆಗಿಂತ ತಡವಾದರೆ 1,500 ಕಿ.ಮೀ. ಒಳಗೆ 250 ಯೂರೋ, ಯುರೋಪಿನೊಳಗೆ ಅದಕ್ಕಿಂತ ದೂರಕ್ಕೆ 400.

ರೈಲಿರಲಿ ವಿಮಾನವಿರಲಿ, ಪಾಸ್‌ಪೋರ್ಟ್ ಮತ್ತು ವಾಸದ ಕಾರ್ಡ್ ಎರಡರ ಮೂಲಪ್ರತಿಯೂ ಜೊತೆಗಿರಬೇಕು. ಜರ್ಮನ್ ಪರವಾನಗಿಯ ಮೇಲೆ ಬೇರೆ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಜರ್ಮನಿಯಲ್ಲಿ ಕಳೆದ ದಿನ ಇದಕ್ಕೆ ಸೇರುವುದಿಲ್ಲ. ಲಂಡನ್ ಈ ಲೆಕ್ಕದ ಹೊರಗೆ. 2025ರ ಜನವರಿಯಿಂದ ಆಸ್ಟ್ರೇಲಿಯದವರಿಗೆ ಅಲ್ಲಿಗೆ ಇಟಿಎ ಅನುಮತಿ ಬೇಕು, ಆ್ಯಪ್‌ನಲ್ಲೇ ಸಿಗುತ್ತದೆ. ಗಂಡ ಹೆಂಡತಿಯರಲ್ಲಿ ಒಬ್ಬರದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಅವರಿಗೆ ಪೂರ್ತಿ ವೀಸಾ ಆಗಬೇಕು, ಅರ್ಜಿಯ ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಯೂರೋಸ್ಟಾರ್ ಸೀಟನ್ನು ವೀಸಾ ಕೈಗೆ ಬಂದ ಮೇಲೆ ತೆಗೆಯಿರಿ.