ಮಿಲಿಟರಿಯವರ ಕಾರು ಅಂತ ನಂಬಿ 46,850 ರೂಪಾಯಿ ಕಳೆದುಕೊಂಡೆ, ಹಳೆ ಕಾರು ಹುಡುಕುತ್ತಿರುವವರು ದಯವಿಟ್ಟು ಓದಿ

ಎರಡು ತಿಂಗಳ ಹಿಂದೆ ನಾನು ಮೊಬೈಲಿನಲ್ಲಿ ನೋಡಿದ ಒಂದು ಹಳೆ ಕಾರಿಗೆ 46,850 ರೂಪಾಯಿ ಕಟ್ಟಿದೆ. ಕಾರು ಬರಲಿಲ್ಲ. ಆ ಕಾರನ್ನು ನಾನು ಕಣ್ಣಾರೆ ನೋಡಲೂ ಇಲ್ಲ. ಇಷ್ಟು ದಿನ ಯಾರಿಗೂ ಹೇಳಿಕೊಳ್ಳಲು ಆಗಿರಲಿಲ್ಲ. ಮೊನ್ನೆ ಸಕಲೇಶಪುರದ ಪರಿಚಯದವರೊಬ್ಬರಿಗೆ ಅದೇ ಮಾತು, ಅದೇ ಫೋಟೋ ಬಂದಿದೆ ಅಂತ ಗೊತ್ತಾಯಿತು. ಅವರು ಅಷ್ಟು ಹೊತ್ತಿಗೆ ಎರಡು ಸಲ ದುಡ್ಡು ಹಾಕಿ ಆಗಿತ್ತು. ನಾನು ಮೊದಲೇ ಬಾಯಿ ಬಿಟ್ಟಿದ್ದರೆ ಅವರದ್ದಾದರೂ ಉಳಿಯುತ್ತಿತ್ತಲ್ವಾ ಅಂತ ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮ ಊರು ಹಾಸನಕ್ಕೂ ಆಲೂರಿಗೂ ಮಧ್ಯೆ. ಅಪ್ಪನಿಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್. ಬೆಳಿಗ್ಗೆ ಬೇಗ ಹಾಸನದ ಆಸ್ಪತ್ರೆಯಲ್ಲಿ ಇರಬೇಕು. ಹೋಗುವಾಗ ಹೇಗೋ ಆಗುತ್ತದೆ. ಬರುವಾಗ ಅವರಿಗೆ ಕೂರುವ ಶಕ್ತಿಯೂ ಇರುವುದಿಲ್ಲ. ಆಟೋದಲ್ಲಿ ಅಮ್ಮನ ಹೆಗಲಿಗೆ ತಲೆ ಕೊಟ್ಟು, ಪಕ್ಕದಿಂದ ಮಳೆ ಎರಚಲು ಹೊಡೆಯುತ್ತಿರುವಾಗ ಟವೆಲ್ ಅಡ್ಡ ಹಿಡಿದುಕೊಂಡು ಬರುವುದನ್ನು ನೋಡಿ ನೋಡಿ, ಶುಂಠಿ ದುಡ್ಡಿನಲ್ಲಿ ಒಂದು ಚಿಕ್ಕ ಕಾರು ತಗೊಳ್ಳೋಣ ಅಂತ ಎರಡೂವರೆ ಲಕ್ಷ ಎತ್ತಿಟ್ಟಿದ್ದೆ. ಆಷಾಢದಲ್ಲಿ ಗಾಡಿ ಬೇಡ ಅಂತ ಅಮ್ಮ ತಡೆದರು. ಶ್ರಾವಣ ಬಂದ ತಕ್ಷಣ ಹುಡುಕಲು ಶುರು ಮಾಡಿದೆ.

ಹಾಸನದ ಬಿ.ಎಂ. ರಸ್ತೆಯಲ್ಲಿ ಎರಡು ಮೂರು ಕಡೆ ಕೇಳಿದೆ. 2017ರ ವ್ಯಾಗನ್ ಆರ್‌ಗೆ ಮೂರೂವರೆ ಲಕ್ಷದ ಕೆಳಗೆ ಯಾರೂ ಇಳಿಯಲಿಲ್ಲ. ಆಮೇಲೆ ಮೊಬೈಲಿನಲ್ಲಿ ನೋಡಿದಾಗ ಅದೇ ವರ್ಷದ ಬಿಳಿ ವ್ಯಾಗನ್ ಆರ್, ಒಬ್ಬರೇ ಓಡಿಸಿದ್ದು, 41,000 ಕಿಲೋಮೀಟರ್, ಬೆಲೆ 1,95,000. ಅಲ್ಲೇ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ಆ ಮನುಷ್ಯ ನಾನು ಕೇಳುವ ಮೊದಲೇ ಕಾರಣ ಹೇಳಿಬಿಟ್ಟ. ‘ಜೈ ಹಿಂದ್ ಸರ್, ನಾನು ಆರ್ಮಿಯಲ್ಲಿದ್ದೇನೆ, ಬೆಂಗಳೂರಿನಿಂದ ಜಮ್ಮುವಿಗೆ ವರ್ಗ ಆಗಿದೆ, ಹತ್ತು ದಿನದಲ್ಲಿ ಹೊರಡಬೇಕು, ಲಾಭ ನೋಡುತ್ತಾ ಕೂರೋಕೆ ಟೈಮಿಲ್ಲ.’ ಬೆಳಗಾವಿ ಕಡೆಯ ಕನ್ನಡ ಮಾತಾಡಿದ. ಅಪ್ಪನ ಆರೋಗ್ಯ ಕೇಳಿದ. ನಮ್ಮ ಪಕ್ಕದ ಮನೆ ಹುಡುಗ ಸೈನ್ಯದಲ್ಲಿದ್ದಾನೆ, ರಜಕ್ಕೆ ಬಂದರೆ ಇಡೀ ಊರು ಮಾತಾಡಿಸಲು ಹೋಗುತ್ತದೆ. ಮಿಲಿಟರಿಯವರು ಅಂದರೆ ನಮಗೆ ಅಷ್ಟು ಗೌರವ. ಮೋಸಗಾರರು ಹಿಡಿಯುವುದು ಇದನ್ನೇ. ಬೆಲೆ ಕಡಿಮೆ ಇರುವುದು ಹುಳ ಮಾತ್ರ, ಗಾಳ ಬೇರೆ ಇದೆ.

ಕೇಳದೇ ಇದ್ದರೂ ದಾಖಲೆ ಕಳಿಸಿದ. ಯೂನಿಫಾರ್ಮ್ ಹಾಕಿದ ಫೋಟೋ ಇರುವ ಗುರುತಿನ ಚೀಟಿ, ಮಿಲಿಟರಿ ಕ್ಯಾಂಟೀನ್ ಕಾರ್ಡ್, ಆಧಾರ್, ಆರ್‌ಸಿ, ಇನ್ಶೂರೆನ್ಸ್. ನಾನೂ ಸುಮ್ನೆ ನಂಬಲಿಲ್ಲ. ಗಾಡಿಗಳ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿದೆ. ಮಾಡೆಲ್ ಸರಿ ಇತ್ತು. ಪೆಟ್ರೋಲ್, ಸರಿ. ನೋಂದಣಿ ದಿನಾಂಕ, ಸರಿ. ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಆ ಹಸಿರು ಅಕ್ಷರ ನೋಡಿದ ಮೇಲೆ ನನ್ನ ಅನುಮಾನ ಪೂರ್ತಿ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಿ, ಯಾಕೆಂದರೆ ಓದಿಕೊಂಡವರೂ ಬೀಳುವುದು ಇಲ್ಲೇ. ಆ ಕಾರು ನಿಜವಾದ ಕಾರೇ. ನಂಬರೂ ನಿಜ. ಆದರೆ ಅದು ಬೇರೆ ಯಾರದ್ದೋ ಕಾರು. ಯಾರೋ ಪಾಪ ಮಾರಲು ಹಾಕಿದ ಜಾಹೀರಾತಿನಿಂದ ಫೋಟೋ ಎತ್ತಿಕೊಂಡು, ತಗೊಳ್ಳುವವನ ಹಾಗೆ ಮಾತಾಡಿ ಅವರಿಂದ ಆರ್‌ಸಿ ಫೋಟೋ ತರಿಸಿಕೊಂಡು, ಅದನ್ನೇ ನಮಗೆ ದಾಟಿಸುತ್ತಾರೆ. ಆಪ್‌ನಲ್ಲಿ ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ, ಕೆಲವು ಅಕ್ಷರ ಬಿಟ್ಟು ಉಳಿದ ಕಡೆ ನಕ್ಷತ್ರದ ಗುರುತು ಇರುತ್ತದೆ. ಆ ಅಕ್ಷರಗಳಿಗೆ ಹೊಂದುವ ಹಾಗೆ ಆಧಾರ್ ಮತ್ತು ಐಡಿ ಕಾರ್ಡ್ ಮಾಡಿಕೊಂಡಿದ್ದರು. ಆಪ್ ಹೇಳುವುದು ಇಂಥ ಕಾರು ಇದೆ ಅಂತ ಮಾತ್ರ. ನಿಮ್ಮ ಜೊತೆ ಮಾತಾಡುತ್ತಿರುವವನು ಅದರ ಮಾಲೀಕ ಹೌದೋ ಅಲ್ಲವೋ ಅಂತ ಹೇಳುವುದಿಲ್ಲ.

ನನ್ನ ತಮ್ಮ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ. ಅವನು ಬಂದು ಗಾಡಿ ನೋಡುತ್ತಾನೆ ಅಂದೆ. ‘ಕ್ಯಾಂಪ್ ಒಳಗೆ ಹೊರಗಿನವರನ್ನು ಬಿಡಲ್ಲ ಸರ್, ನಿಮ್ಮ ಮನೆ ಬಾಗಿಲಿಗೇ ಕಳಿಸುತ್ತೇನೆ. ನೋಡಿ, ಓಡಿಸಿ, ಇಷ್ಟ ಆದರೆ ಮಾತ್ರ ದುಡ್ಡು ಕೊಡಿ, ಇಲ್ಲ ಅಂದ್ರೆ ವಾಪಸ್ ಕಳಿಸಿ’ ಅಂದ. ಇದಕ್ಕಿಂತ ನ್ಯಾಯವಾದ ಮಾತು ಯಾವುದು ಅಂತ ನನಗೆ ಅನ್ನಿಸಿತು. ಗಾಡಿ ಹೊರಗೆ ಬರಲು ಗೇಟ್ ಪಾಸ್‌ಗೆ 2,150 ರೂಪಾಯಿ ಮಾತ್ರ ಈಗ ಹಾಕಿ ಅಂದ. ಹಾಕಿದೆ. ಯುಪಿಐನಲ್ಲಿ ಯಾರೋ ಹೆಂಗಸಿನ ಹೆಸರು ಬಂತು. ಕೇಳಿದ್ದಕ್ಕೆ ಯೂನಿಟ್‌ನ ಅಕೌಂಟೆಂಟ್ ಮೇಡಂ ಅಂದ.

ಒಂದು ಗಂಟೆಗೆ ವಾಟ್ಸಾಪ್‌ನಲ್ಲಿ ರಸೀದಿ ಬಂತು, ಮೇಲೆ ಅಶೋಕ ಸ್ತಂಭದ ಸಿಂಹ, ಕೆಳಗೆ ಸೀಲು, ನನ್ನ ಹೆಸರು, ನಮ್ಮ ಊರಿನ ವಿಳಾಸ. ಹಿಂದೆಯೇ ಹಸಿರು ಟಾರ್ಪಾಲಿನ ಲಾರಿ ಮೇಲೆ ಬಿಳಿ ಕಾರು ನಿಂತಿರುವ ಫೋಟೋ. ಸಾಗಾಣಿಕೆಗೆ 8,500. ಈ ಸಲ ಯುಪಿಐನಲ್ಲಿ ಬೇರೆ ಹೆಸರು. ಮರುದಿನ ಬೆಳಿಗ್ಗೆ ಲಾರಿ ಡ್ರೈವರ್ ಅಂತ ಒಬ್ಬ ಫೋನ್ ಮಾಡಿದ. ನೆಲಮಂಗಲ ದಾಟಿದ್ದೇನೆ ಅಂದ. ಆಮೇಲೆ ಕುಣಿಗಲ್ ಅಂದ. ಬೆಳ್ಳೂರು ಕ್ರಾಸ್ ಅಂದ. ಚನ್ನರಾಯಪಟ್ಟಣ ಅಂದ. ದಾರಿ ಸರಿಯಾಗೇ ಹೇಳುತ್ತಿದ್ದ, ಮ್ಯಾಪ್ ನೋಡಿಕೊಂಡು ಯಾರಾದರೂ ಹೇಳಬಹುದು ಅಂತ ಆಗ ಹೊಳೆಯಲಿಲ್ಲ.

ಅವತ್ತು ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು, ಹೂವಿನ ಬೆಲೆ ಆಗಲೇ ಏರಿತ್ತು. ಆದರೂ ಅಮ್ಮ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿ ಎರಡು ಮಾರು ಸೇವಂತಿಗೆ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಕುಂಬಳಕಾಯಿ ತಂದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗುಲಿ ಮೇಲೆ ಕೂತರು. ನಾನು ಶಾಂತಿಗ್ರಾಮ ಟೋಲ್ ಹತ್ತಿರ ಬೈಕ್ ನಿಲ್ಲಿಸಿಕೊಂಡು ಹಸಿರು ಟಾರ್ಪಾಲಿನ ಲಾರಿ ಕಾಯುತ್ತಿದ್ದೆ.

ಅಲ್ಲಿ ನಿಂತಿರುವಾಗಲೇ ಫೋನ್ ಬಂತು. ಗಾಡಿಗೆ ಜಿಪಿಎಸ್ ಮತ್ತು ದಾರಿ ವಿಮೆ ಮಾಡಿಸದೆ ಚೆಕ್‌ಪೋಸ್ಟ್‌ನಲ್ಲಿ ಬಿಡುತ್ತಿಲ್ಲ, 15,200 ಹಾಕಿ, ಕಾರಿನ ಬೆಲೆಯಲ್ಲಿ ಕಳೆಯುತ್ತೇವೆ. ಮಳೆ ಹನಿಯುತ್ತಿತ್ತು, ಮನೆಯಲ್ಲಿ ಕಾಯುತ್ತಿದ್ದರು, ಲಾರಿ ಇನ್ನು ಹತ್ತು ಕಿಲೋಮೀಟರ್ ಅಂತ ನಂಬಿದ್ದೆ. ಹಾಕಿದೆ. ಹದಿನೈದು ನಿಮಿಷ ಆದ ಮೇಲೆ, ‘ನೀವು ನಾಲ್ಕು ನಿಮಿಷ ತಡ ಮಾಡಿದಿರಿ ಸರ್, ಸ್ಲಿಪ್ ಕ್ಯಾನ್ಸಲ್ ಆಯಿತು, ಇನ್ನೊಂದು ಸಲ 21,000 ಹಾಕಿ, ಹಳೇದು ಆಟೋಮ್ಯಾಟಿಕ್ ಆಗಿ ವಾಪಸ್ ಬರುತ್ತದೆ’. ಅದನ್ನೂ ಹಾಕಿದೆ. ಯಾಕೆ ಹಾಕಿದೆ ಅಂತ ಮನೆಯವರು ಇವತ್ತಿಗೂ ಕೇಳುತ್ತಾರೆ. ಮೊದಲು ಹಾಕಿದ್ದು ಮುಳುಗಬಾರದು ಅಂತ ಹಾಕಿದೆ, ಅಷ್ಟೇ. ಪ್ರತಿ ಸಲವೂ ಹಿಂದಿನ ದುಡ್ಡು ಉಳಿಸಿಕೊಳ್ಳಲು ಮುಂದಿನ ದುಡ್ಡು ಹಾಕುತ್ತಾ ಹೋದೆ.

ಐದನೇ ಸಲ 31,000 ಕೇಳಿದರು. ಜೊತೆಗೆ ಒಂದು ಎಪಿಕೆ ಫೈಲ್ (ಮೊಬೈಲಿಗೆ ನೇರವಾಗಿ ಆಪ್ ಹಾಕುವ ಫೈಲ್) ಕಳಿಸಿ, ಇದನ್ನು ಹಾಕಿಕೊಂಡರೆ ಲಾರಿ ಎಲ್ಲಿದೆ ಅಂತ ನೀವೇ ನೋಡಬಹುದು ಅಂದರು. ಅದನ್ನು ತಮ್ಮನಿಗೆ ಕಳಿಸಿ ಹೇಗೆ ಹಾಕುವುದು ಅಂತ ಕೇಳಿದೆ. ಎರಡೇ ನಿಮಿಷಕ್ಕೆ ಅವನ ಫೋನ್, ಕೂಗಾಡುತ್ತಿದ್ದ. ‘ಅದನ್ನು ಮುಟ್ಟಬೇಡ, ಒಂದು ರೂಪಾಯಿನೂ ಹಾಕಬೇಡ’. ಅಂಥ ಫೈಲ್ ಒಳಗೆ ಹೋದರೆ ನಮ್ಮ ಮೆಸೇಜು, ಒಟಿಪಿ ಎಲ್ಲ ಅವರಿಗೆ ಕಾಣುತ್ತದೆ. ಟ್ರಾಫಿಕ್ ದಂಡ ಬಾಕಿ ಇದೆ ಅಂತ ಹೇಳಿಕೊಂಡು ಬರುವ ಫೈಲ್‌ಗಳದ್ದೂ ಇದೇ ಕೆಲಸ. ತಮ್ಮ ಅವತ್ತು ಫೋನ್ ಮಾಡದೇ ಇದ್ದಿದ್ದರೆ ಅಕೌಂಟಿನಲ್ಲಿ ಉಳಿದಿದ್ದ ಎರಡು ಲಕ್ಷವೂ ಹೋಗುತ್ತಿತ್ತು. ಇನ್ನು ದುಡ್ಡು ಹಾಕಲ್ಲ ಅಂದ ಮೇಲೆ ಡ್ರೈವರ್ ಫೋನ್ ಸ್ವಿಚ್ ಆಫ್. ಆ ‘ಮಿಲಿಟರಿ’ಯವನು ಕೆಟ್ಟ ಮಾತು ಬೈದು ನನ್ನನ್ನು ಬ್ಲಾಕ್ ಮಾಡಿದ. ಮನೆಗೆ ಬಂದಾಗ ಅಪ್ಪ ಇನ್ನೂ ಜಗುಲಿ ಮೇಲೇ ಕೂತಿದ್ದರು. ಹೂವನ್ನು ಅಮ್ಮ ದೇವರಿಗೆ ಹಾಕಿದರು.

ಆಮೇಲೆ ನಾನು ಮಾಡಿದ್ದು ಇನ್ನೊಂದು ತಪ್ಪು. ಆ ರಾತ್ರಿ ಸುಮ್ಮನಿದ್ದೆ. ಬೆಳಿಗ್ಗೆ ಮೆಸೇಜ್ ಮಾಡುತ್ತಾರೇನೋ ಅಂತ ಕಾದೆ. ಮರುದಿನ ಹನ್ನೊಂದು ಗಂಟೆಗೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ದುಡ್ಡು ಹೋದ ತಕ್ಷಣ ಮಾಡಬೇಕಾದ ಕೆಲಸ ಅದು. ಯಾವ ಬ್ಯಾಂಕು, ಎಷ್ಟು ಗಂಟೆಗೆ, ಎಷ್ಟು ರೂಪಾಯಿ, ಪ್ರತಿ ಪಾವತಿಯ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಕೇಳುತ್ತಾರೆ. ಫೋನ್ ಮಾಡುವ ಮೊದಲು ಇದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅದೇ ದೂರನ್ನು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲೂ ಹಾಕಬಹುದು. ದೂರು ಬಂದ ತಕ್ಷಣ ದುಡ್ಡು ಯಾವ ಅಕೌಂಟಿಗೆ ಹೋಗಿದೆಯೋ ಆ ಬ್ಯಾಂಕಿಗೆ ತಿಳಿಸಿ, ಅಲ್ಲಿ ಉಳಿದಿದ್ದನ್ನು ತಡೆಹಿಡಿಸುತ್ತಾರೆ. ನನ್ನ ವಿಷಯದಲ್ಲಿ ತಡೆಹಿಡಿಯಲು ಸಿಕ್ಕಿದ್ದು 6,300 ಮಾತ್ರ. ಉಳಿದದ್ದು ರಾತ್ರಿಯೇ ಅಕೌಂಟಿನಿಂದ ಅಕೌಂಟಿಗೆ ಹಾರಿ ಹೋಗಿತ್ತು. ಹಾಸನದ ಸಿಇಎನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಯಲ್ಲಿ ಎಲ್ಲ ಚಾಟ್, ರಸೀದಿ, ಫೋನ್ ನಂಬರ್ ಕೊಟ್ಟು ದೂರು ಬರೆಸಿದ್ದೇನೆ. ಹಾಗಾಗಿ ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ.

ಠಾಣೆಯಲ್ಲಿದ್ದ ಒಬ್ಬರು ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ. ‘ನಿಜವಾದ ಸೈನಿಕ ತನ್ನ ಐಡಿ ಕಾರ್ಡನ್ನು ಗುರುತಿಲ್ಲದವರಿಗೆ ವಾಟ್ಸಾಪ್ ಮಾಡ್ತಾನಾ?’ ಅಷ್ಟು ಸಾಕಿತ್ತು ನನಗೆ ಅರ್ಥ ಆಗಲು. ಖಾಸಗಿ ಕಾರನ್ನು ತಗೊಳ್ಳುವವರ ಮನೆಗೆ ದುಡ್ಡು ಪಡೆದು ತಲುಪಿಸುವ ಕೆಲಸ ಸೈನ್ಯದ್ದಲ್ಲ.

ನೀವು ಮಾರುವವರಾಗಿದ್ದರೂ ಇದೇ ಜನ ಬರುತ್ತಾರೆ. ಬೆಲೆ ಚೌಕಾಸಿ ಮಾಡದೆ ಒಪ್ಪಿಕೊಂಡು, ಅಡ್ವಾನ್ಸ್ ಹಾಕುತ್ತೇನೆ ಅಂತ ಕ್ಯೂಆರ್ ಕೋಡ್ ಕಳಿಸುತ್ತಾರೆ. ದುಡ್ಡು ಬರಬೇಕಾದರೆ ನಾವು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಆರ್‌ಸಿ ಫೋಟೋವನ್ನೂ ಕೇಳಿದವರಿಗೆಲ್ಲ ಕಳಿಸಬೇಡಿ, ಅದೇ ಫೋಟೋ ನಾಳೆ ನನ್ನಂಥ ಇನ್ನೊಬ್ಬನ ಮುಂದೆ ಬರುತ್ತದೆ. ಗಾಡಿ ಕೊಟ್ಟ ಮೇಲೆ ಹೆಸರು ಬದಲಾಗುವವರೆಗೂ ಬಿಡಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೋದ ತಿಂಗಳು ಅರಸೀಕೆರೆಯಲ್ಲಿ ಇನ್ನೊಂದು ಕಾರು ನೋಡಿದೆ. ಈ ಸಲ ತಮ್ಮನನ್ನೂ ಪರಿಚಯದ ಮೆಕ್ಯಾನಿಕ್‌ನನ್ನೂ ಕರೆದುಕೊಂಡು ಮಾರುವವರ ಮನೆಗೇ ಹೋದೆ. ಮೆಕ್ಯಾನಿಕ್ ಮೊದಲು ಎಂಜಿನ್ ಕಡೆ ನೋಡಲೇ ಇಲ್ಲ. ಬಾನೆಟ್ ಎತ್ತಿ, ಬಟ್ಟೆಯಿಂದ ಒರೆಸಿ, ಚಾಸಿ ನಂಬರನ್ನು ಟಾರ್ಚ್ ಬಿಟ್ಟು ಒಂದೊಂದೇ ಅಂಕಿ ಓದಿದ, ತಮ್ಮ ಆರ್‌ಸಿ ಹಿಡಿದು ಹೋಲಿಸಿದ. ಆಮೇಲೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯಾ ಅಂತ ನೋಡಿದ. ನೀರಿನಲ್ಲಿ ಮುಳುಗಿದ ಗಾಡಿ ಎಷ್ಟು ತೊಳೆದರೂ ಅಲ್ಲಿ ಕಲೆ ಉಳಿಯುತ್ತದಂತೆ. ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿತ್ತು, ಮೀಟರ್ ಮಾತ್ರ 38,000 ತೋರಿಸುತ್ತಿತ್ತು. ಸರ್ವಿಸ್ ಬಿಲ್ ಕೇಳಿದರೆ ಕಳೆದುಹೋಗಿದೆ ಅಂದರು. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಹಾಗೇ ಇತ್ತು. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರು, ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೊಡಿ ಅಂದರೆ ಮುಂದಿನ ವಾರ ಅಂದರು. ಅಡ್ವಾನ್ಸ್ ಕೊಡದೆ ಬಂದೆವು. ಅವರು ಮೋಸಗಾರರು ಅಂತ ಹೇಳುತ್ತಿಲ್ಲ. ಆ ಕಾಗದ ಕೈಗೆ ಬಾರದೆ, ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಮಾಲೀಕರೇ ಎದುರಿಗೆ ಸಹಿ ಹಾಕದೆ, ಆರ್‌ಸಿಯಲ್ಲಿರುವ ಹೆಸರಿನ ಅಕೌಂಟಿಗೇ ದುಡ್ಡು ಹೋಗುತ್ತಿದೆ ಅಂತ ಖಾತ್ರಿ ಆಗದೆ ನಾನು ಇನ್ನು ದುಡ್ಡು ಬಿಚ್ಚುವುದಿಲ್ಲ. ಗಾಡಿ ತಗೊಂಡ ಮೇಲೆ 14 ದಿನದ ಒಳಗೆ ಇನ್ಶೂರೆನ್ಸ್ ಕೂಡ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು, ಇದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ.

ಸಕಲೇಶಪುರದವರಿಗೆ ಬಂದ ಫೋಟೋ ನಾನೂ ನೋಡಿದೆ. ಬಿಳಿ ವ್ಯಾಗನ್ ಆರ್, ಡ್ಯಾಶ್‌ಬೋರ್ಡ್ ಮೇಲೆ ಎಡಗಡೆ ಪುಟ್ಟ ಗಣಪತಿ, ಕಾರಿನ ಹಿಂದೆ ಕಾಂಪೌಂಡಿಗೆ ಒರಗಿದ ಕೆಂಪು ದಾಸವಾಳದ ಗಿಡ, ಮುಂದಿನ ಬಂಪರ್ ಬಲಗಡೆ ಬೆರಳುದ್ದದ ಗೀರು. ಬೆಲೆ ಈಗ 1,85,000 ಮಾಡಿದ್ದಾರೆ, ವರ್ಗ ಆಗಿರುವ ಊರು ಜೋಧ್‌ಪುರ ಅಂತೆ. ಈ ಫೋಟೋ ನಿಮಗೂ ಬಂದರೆ ಮಾತು ಬೆಳೆಸಬೇಡಿ, ನಂಬರ್ ಬರೆದಿಟ್ಟುಕೊಂಡು ಜಾಹೀರಾತನ್ನು ರಿಪೋರ್ಟ್ ಮಾಡಿ, ಮನೆಯಲ್ಲಿ ಯಾರಾದರೂ ಕಾರು ಹುಡುಕುತ್ತಿದ್ದರೆ ಅವರಿಗೂ ತೋರಿಸಿ.