ರೋಜು, ಕೂಲಿ ಗುತ್ತಿಗೆ, ಮಾಲುಸಮೇತ ಗುತ್ತಿಗೆ: ಹಳೆಯ ಮಾಳಿಗೆ ಮನೆಯ ದುರಸ್ತಿಗೆ ಯಾವುದು?

ಮಹಾರಾಷ್ಟ್ರದ ಅಕ್ಕಲಕೋಟೆ, ಉಮರ್ಗಾ, ನಿಲಂಗಾ ಕಡೆಯ ಕಲ್ಲುಮಣ್ಣಿನ ಮಾಳಿಗೆ ಮನೆಗೆ, ಅಂದರೆ ತೊಲೆಗಳ ಮೇಲೆ ಮಣ್ಣು ಹೊದಿಸಿದ ಮನೆಗೆ, ಗೌಂಡಿ (ಗೋಡೆ ಕಟ್ಟುವವ) ಹಿಡಿಯುವ ದಾರಿ ಮೂರು. ದಿನಕ್ಕಿಷ್ಟು ಎಂದು ರೋಜು ಕೊಟ್ಟು ಮಾಡಿಸುವುದು. ಸಾಮಾನು ನಾವು ತಂದುಕೊಟ್ಟು ಕೂಲಿಯನ್ನಷ್ಟೇ ಚದರಡಿ ಲೆಕ್ಕದಲ್ಲಿ ಗುತ್ತಿಗೆ ಕೊಡುವುದು. ಸಿಮೆಂಟಿನಿಂದ ಮೊಳೆಯವರೆಗೆ ಎಲ್ಲವನ್ನೂ ಗುತ್ತಿಗೆದಾರನಿಗೇ ಒಪ್ಪಿಸುವುದು. ಮೂರನ್ನೂ ಮಾಡಿಸಿ ನೋಡಿದ ಮೇಲೆ ನಾವು ಹೇಳುವುದಿಷ್ಟು: ಇಡೀ ಮನೆಯನ್ನು ಒಂದೇ ದಾರಿಯಲ್ಲಿ ಕೊಡಬೇಡಿ. ಮುಗಿದ ಮೇಲೂ ಟೇಪು ಹಿಡಿದು ಅಳೆಯಲು ಬರುವ ಕೆಲಸ ಗುತ್ತಿಗೆಗೆ ಸರಿ. ಗೋಡೆಯೊಳಗೆ ಮುಚ್ಚಿಹೋಗುವ ಕೆಲಸಕ್ಕೆ ರೋಜೇ ಸರಿ.

ಮುಚ್ಚಿಹೋಗುವ ಕೆಲಸ ಯಾವುದು ಎಂದು ತಿಳಿಯಲು ಲಾತೂರ್ ಜಿಲ್ಲೆಯ ಕಿಲ್ಲಾರಿಯ ಭೂಕಂಪವನ್ನು ನೆನೆಯಬೇಕು. 1993ರ ಸೆಪ್ಟೆಂಬರ್ 30ರಂದು, ನಸುಕಿನ ನಾಲ್ಕಕ್ಕೆ ಕೆಲವೇ ನಿಮಿಷವಿದ್ದಾಗ ಆದ ಕಂಪನದ ಪ್ರಮಾಣ 6.2. ಜಗತ್ತಿನ ದೊಡ್ಡ ಭೂಕಂಪಗಳ ಸಾಲಿನಲ್ಲಿ ಅದು ನಿಲ್ಲುವುದಿಲ್ಲ. ಆದರೂ ಸಾವಿರಾರು ಜನ ಸತ್ತದ್ದು ಗೋಡೆ ಮತ್ತು ಮಾಳಿಗೆಯ ದೆಸೆಯಿಂದ. ನಮ್ಮ ಹಳೆಯ ಗೋಡೆ ಎರಡೂವರೆ ಅಡಿ ದಪ್ಪ ಕಂಡರೂ ಒಳಗೆ ಒಂದೇ ಗೋಡೆಯಲ್ಲ. ಹೊರಮುಖಕ್ಕೊಂದು ಕಲ್ಲಿನ ಸಾಲು, ಒಳಮುಖಕ್ಕೊಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ಗೌಂಡಿಗಳು ಹೆಡರ್ ಎನ್ನುವ, ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದಗಲ್ಲು ಬಹಳ ಕಡೆ ಇಲ್ಲವೇ ಇಲ್ಲ. ನೆಲ ಅಲುಗಿದಾಗ ನಡುವಿನ ಚೂರು ಕೆಳಗೆ ಕುಸಿದು ಬೆಣೆಯ ಹಾಗೆ ಒತ್ತುತ್ತದೆ, ಎರಡು ಮುಖಗಳೂ ಬೇರೆಬೇರೆ ಕಡೆಗೆ ಬೀಳುತ್ತವೆ, ಮೇಲಿನ ಮಣ್ಣೆಲ್ಲ ಮಲಗಿದವರ ಮೇಲೆ. 2002ರ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಪ್ರದೇಶ ಮಧ್ಯಮ ಅಪಾಯದ ಮೂರನೇ ವಲಯಕ್ಕೆ ಏರಿತು; ಗೋಡೆಗಳು ಮಾತ್ರ ಇನ್ನೂ ಎಷ್ಟೋ ಊರುಗಳಲ್ಲಿ ಹಳೆಯವೇ. ಕೆಡವಿ ಪತ್ರಾ (ತಗಡು) ಹೊದಿಸಿದರೆ ಮೇ ತಿಂಗಳ 42 ಡಿಗ್ರಿಯಲ್ಲಿ ಮಧ್ಯಾಹ್ನ ಒಳಗೆ ಕೂರಲಾಗದು. ಅದಕ್ಕೇ ದುರಸ್ತಿಯ ಮಾತು.

ರೋಜಿನ ಕೆಲಸ: ಗೋಡೆ ಹೊಲಿಯುವುದು

ಹೆಡರ್ ಇಲ್ಲದ ಗೋಡೆಗೆ ಈಗ ಕಾಂಕ್ರೀಟಿನ ಹೆಡರ್ ಹಾಕಬೇಕು. ಸುಮಾರು ಒಂದು ಮೀಟರಿಗೊಂದರಂತೆ, ಮೇಲಿನ ಸಾಲು ಕೆಳಗಿನ ಸಾಲಿನ ನೇರಕ್ಕೆ ಬಾರದ ಹಾಗೆ ಗುರುತು ಹಾಕಿ. 4 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆಗೆ ಹತ್ತು–ಹನ್ನೆರಡು ಬರುತ್ತವೆ. ಗುರುತಿನ ಜಾಗದ ಒಂದು ಕಲ್ಲನ್ನು ಸಣ್ಣ ಸಬ್ಬಲಿನಿಂದ ಮೆಲ್ಲಗೆ ಅಲುಗಿಸಿ ತೆಗೆಯಬೇಕು, ಒಳಗಿನ ಮಣ್ಣು-ಚೂರು ಕೈಯಿಂದ ಬಿಡಿಸಬೇಕು, ಆಮೇಲೆ ಎದುರು ಮುಖದ ಕಲ್ಲು. ತೂತು 75 ಮಿಲಿಮೀಟರಿಗಿಂತ ಕಿರಿದಾಗಬಾರದು. ನೇರವಾಗಿಯೇ ಇರಬೇಕೆಂದಿಲ್ಲ, ಕಲ್ಲು ಅಡ್ಡ ಬಂದಲ್ಲಿ ಸೊಟ್ಟಗೆ ಹೋದರೂ ನಡೆಯುತ್ತದೆ. ಎರಡೂ ತುದಿ ಕೊಕ್ಕೆ ಬಗ್ಗಿಸಿದ 8 ಮಿಲಿಮೀಟರ್ ಸಳಿಯನ್ನು (ಕಬ್ಬಿಣದ ಸರಳು) ನಡುವೆ ಇಟ್ಟು, ತೂತನ್ನು ನೀರಿನಿಂದ ಒದ್ದೆ ಮಾಡಿ, ಸಣ್ಣ ಖಡಿ (ಜಲ್ಲಿ) ಹಾಕಿದ 1:2:4 (ಸಿಮೆಂಟು:ಮರಳು:ಖಡಿ) ಕಾಂಕ್ರೀಟು ತುಂಬಿ, ಕೋಲಿನಿಂದ ತಿವಿದು ಗಟ್ಟಿ ಮಾಡಬೇಕು. ಅಕ್ಕಪಕ್ಕದ ತೂತುಗಳನ್ನು ಒಂದೇ ದಿನ ತೆರೆಯಬಾರದು. ಬ್ರೇಕರ್ ಯಂತ್ರ ಬೇಡವೇ ಬೇಡ. ಅದರ ಅದುರಿಗೆ ಒಳಗಿನ ಚೂರು ಜಾರಿ ಗೋಡೆ ಹೊಟ್ಟೆ ಬಿಡುತ್ತದೆ, ಅಂದರೆ ಹೊರಕ್ಕೆ ಉಬ್ಬುತ್ತದೆ.

ಒಂದು ತೂತು ಅರ್ಧ ಗಂಟೆಯಲ್ಲಿ ಆಗಬಹುದು, ಮುಂದಿನದು ಅರ್ಧ ಹೊತ್ತು ತಿನ್ನಬಹುದು. ಇದಕ್ಕೆ ತೂತಿಗಿಷ್ಟು ಎಂದು ಗುತ್ತಿಗೆ ಕೊಟ್ಟರೆ ಏನಾಗುತ್ತದೆ? ಎರಡೂ ಮುಖದಲ್ಲಿ ಅಂಗೈಯಷ್ಟು ಕಾಂಕ್ರೀಟು ಕಾಣಿಸುತ್ತದೆ, ನಡುವೆ ಮಣ್ಣು ಹಾಗೆಯೇ ಉಳಿದಿರುತ್ತದೆ. ಮೇಲೆ ಗಿಲಾವು (ಪ್ಲಾಸ್ಟರ್) ಬಿದ್ದ ಮೇಲೆ ಬ್ರಹ್ಮನೂ ಕಂಡುಹಿಡಿಯಲಾರ. ರೋಜಿನ ಗೌಂಡಿಗೆ ಅವಸರ ಮಾಡಿ ಗಳಿಸುವುದೇನೂ ಇಲ್ಲ. ಅವನ ದೋಷ ಬೇರೆ: ಕೆಲಸ ಎಳೆಯುತ್ತದೆ. ಅದಕ್ಕೆ ಔಷಧ, ಒಬ್ಬ ಗೌಂಡಿಗೆ ಇಬ್ಬರು ಬಿಗಾರಿಗಳು (ಕೈಯಾಳುಗಳು) ಸಾಕು ಎಂದು ಮೊದಲೇ ನಿಲ್ಲಿಸುವುದು, ಸಳಿ ಕತ್ತರಿಸಿ ಬಗ್ಗಿಸಿಟ್ಟು, ಖಡಿ ಜರಡಿ ಹಿಡಿದಿಟ್ಟು ಬೆಳಿಗ್ಗೆ ಕೆಲಸಕ್ಕೆ ಇಳಿಸುವುದು, ಮತ್ತು ತೂತು ತುಂಬುವ ಮೊದಲು ಮನೆಯವರೇ ಒಬ್ಬರು ಬ್ಯಾಟರಿ ಬಿಟ್ಟು ಈ ಬದಿಯಿಂದ ಆ ಬದಿಗೆ ನೋಡುವುದು. ಸೊಟ್ಟ ತೂತಾದರೆ ಸಳಿ ಹಾಯಿಸಿ ನೋಡಿ.

ಈಗಾಗಲೇ ಹೊಟ್ಟೆ ಬಿಟ್ಟ ಗೋಡೆಗೆ ಹೆಡರ್ ಉಪಯೋಗವಿಲ್ಲ. ತೊಲೆಗಳಿಗೆ ಊರೆ (ಆಸರೆ ಕಂಬ) ಕೊಟ್ಟು ಆ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಕಟ್ಟುವಾಗ ಎತ್ತರದಲ್ಲಿ 60 ಸೆಂಟಿಮೀಟರಿಗೊಂದು, ಉದ್ದಕ್ಕೆ 1.2 ಮೀಟರಿಗೊಂದು ನಿಜವಾದ ಉದ್ದಗಲ್ಲು ಬರಲಿ. ಇದೂ ರೋಜಿನ ಕೆಲಸವೇ.

ಕೂಲಿ ಗುತ್ತಿಗೆ: ಮಾಳಿಗೆ ಮಣ್ಣು, ಗಿಲಾವು, ಪಟ್ಟಿ

ಮಾಳಿಗೆಯ ಮಣ್ಣು ಇಳಿಸುವುದು ಗುತ್ತಿಗೆಗೆ ಹೇಳಿ ಮಾಡಿಸಿದ ಕೆಲಸ. ವರ್ಷವರ್ಷ ಸೋರಿದಾಗ ಮೇಲೆ ಹೊಸ ಮಣ್ಣು ಹಾಕುತ್ತಾ ಎರಡಡಿ ಏರಿದ ಮಾಳಿಗೆಗಳಿವೆ. ಘನ ಮೀಟರಿಗೆ 1.6 ಟನ್ ಹಿಡಿದರೆ, 12 ಚದರ ಮೀಟರಿನ ಕೋಣೆಯ ಮೇಲೆ 60 ಸೆಂಟಿಮೀಟರ್ ಮಣ್ಣು ಹನ್ನೊಂದೂವರೆ ಟನ್. 20 ಸೆಂಟಿಮೀಟರಿಗೆ ಇಳಿಸಿದರೆ ನಾಲ್ಕು ಟನ್ನಿಗೂ ಕಡಿಮೆ, ತಂಪೂ ಪೂರ್ತಿ ಹೋಗುವುದಿಲ್ಲ. ಸೋರದಂತೆ ನಡುವೆ ಪ್ಲಾಸ್ಟಿಕ್ ತಾಡಪತ್ರಿ, ನೀರು ಹರಿಯಲು ಇಳಿಜಾರು. ಷರತ್ತು ಒಂದೇ: ಮಣ್ಣನ್ನು ಎರಡೂ ಬದಿಯಿಂದ ಸಮನಾಗಿ ಕೆರೆಯಬೇಕು, ಕೆರೆದದ್ದನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ ಆಗಿಂದಾಗಲೇ ಕೆಳಗಿಳಿಸಬೇಕು. ಕಂಬ-ತೊಲೆ ಕೂಡುವಲ್ಲಿ ಓರೆ ಕಟ್ಟಿಗೆ ಬಿಗಿಸುವುದು ಬಡಿಗರ ಪಾಲು.

ಗಿಲಾವಿಗೆ ಚದರಡಿ ಗುತ್ತಿಗೆ ನಡೆಯುತ್ತದೆ, ಏಕೆಂದರೆ ಲೆಕ್ಕ ಹಿಡಿಯಲು ಸಿಮೆಂಟಿನ ಚೀಲವೇ ಸಾಕ್ಷಿ. 1:4ರಲ್ಲಿ (ಸಿಮೆಂಟು:ಮರಳು) 12 ಮಿಲಿಮೀಟರ್ ಗಿಲಾವಿಗೆ ಸಪಾಟಾದ ಗೋಡೆಯಲ್ಲಿ 100 ಚದರಡಿಗೆ ಸುಮಾರು ಒಂದು ಚೀಲ. ಉಬ್ಬುತಗ್ಗಿನ ಕಲ್ಲುಗೋಡೆಗೆ ಒಂದೂವರೆಯಿಂದ ಎರಡು. ಅದಕ್ಕಿಂತ ಬಹಳ ಕಡಿಮೆ ಹೋಗಿದ್ದರೆ ಮರಳು ಹೆಚ್ಚಾಗಿದೆ ಅಥವಾ ಗಿಲಾವು ತೆಳುವಾಗಿದೆ. ಸಂದುಗಳ ಮಣ್ಣನ್ನು 20 ಮಿಲಿಮೀಟರ್ ಆಳ ಕೆರೆಯದೆ ಬಳಿದ ಸಿಮೆಂಟು ಎರಡು ಬೇಸಿಗೆಗೆ ಹಪ್ಪಳವಾಗಿ ಏಳುತ್ತದೆ. ಕೆರೆಯುವ ಕೂಲಿಯನ್ನು ಬೇರೆ ಬರೆಸಿ, ಇಲ್ಲದಿದ್ದರೆ ಅದು ಆಗುವುದಿಲ್ಲ.

ತಂತಿ ಜಾಳಿಗೆಯ ಪಟ್ಟಿ ಮಾತ್ರ ಗುತ್ತಿಗೆಗೂ ರೋಜಿಗೂ ನಡುವಿನದು. ಮಾಳಿಗೆಯ ಕೆಳಗೆ, ಮನೆಯ ಸುತ್ತಲೂ 20–25 ಸೆಂಟಿಮೀಟರ್ ಅಗಲದ ಬೆಸುಗೆ ಜಾಳಿಗೆಯ ಪಟ್ಟಿ ಬಿಗಿದರೆ ನಾಲ್ಕು ಗೋಡೆಯೂ ಪೆಟ್ಟಿಗೆಯಂತೆ ಕೂಡಿ ನಿಲ್ಲುತ್ತವೆ. ಮೊದಲು 1:3ರ 12 ಮಿಲಿಮೀಟರ್ ಪದರ, ಅದು ಹಸಿಯಿರುವಾಗಲೇ 15 ಸೆಂಟಿಮೀಟರ್ ಮೊಳೆಯಿಂದ 30 ಸೆಂಟಿಮೀಟರಿಗೊಂದರಂತೆ ಜಾಳಿಗೆ, ಮೇಲೆ 16 ಮಿಲಿಮೀಟರ್ ಪದರ. ಮೂಲೆಯಲ್ಲಿ ಜಾಳಿಗೆ ತಿರುಗಿ 30 ಸೆಂಟಿಮೀಟರ್ ಒಂದರ ಮೇಲೊಂದು ಬರಬೇಕು. ಗುತ್ತಿಗೆಯವರು ಮೊದಲ ಪದರ ಬಿಟ್ಟು ಜಾಳಿಗೆಯನ್ನು ನೇರ ಕಲ್ಲಿಗೆ ಬಡಿಯುತ್ತಾರೆ. ಹಿಂದೆ ಗಾರೆ ಇಲ್ಲದ ಜಾಳಿಗೆ ತುಕ್ಕು ಹಿಡಿಯುತ್ತದೆ, ಹಿಡಿತವೂ ಇರುವುದಿಲ್ಲ. ಮೀಟರ್ ಲೆಕ್ಕದಲ್ಲಿ ಕೊಡಿ, ಆದರೆ ಜಾಳಿಗೆ ಹೊಡೆಯುವ ದಿನ ಮನೆಯಲ್ಲಿರಿ.

ಮಾಲುಸಮೇತ

ಊರಿನಿಂದ ದೂರ ಇರುವವರು ಸೊಲ್ಲಾಪುರದಿಂದ ತಂಡ ತರಿಸಿ ಎಲ್ಲವನ್ನೂ ಒಪ್ಪಿಸುವುದು ಹೆಚ್ಚು. ಹೊಸ ಕೋಣೆ, ಶೌಚಾಲಯ, ಸ್ಲ್ಯಾಬಿಗೆ ಇದು ಚೆನ್ನಾಗಿದೆ, ಏಕೆಂದರೆ ಅವರಿಗೆ ರೂಢಿಯಾದ ಕೆಲಸ ಅದು. ಹಳೆಯ ಗೋಡೆ ಕೊಟ್ಟರೆ ಬಹುಪಾಲು ಜನ ಹೇಳುವುದು, ‘ಕೆಡವೋಣ’ ಅಥವಾ ‘ಗಿಲಾವು ಹೊಡೆದರೆ ಗಟ್ಟಿಯಾಗುತ್ತೆ ಸಾಹೇಬ್ರೇ’. ಎರಡನೆಯ ಮಾತು ಬಂದಲ್ಲಿ ಚಹಾ ಕುಡಿಸಿ ಕಳಿಸಿಬಿಡಿ. ಕೊಡುವುದೇ ಆದರೆ ಕಾಗದದಲ್ಲಿ ಸಿಮೆಂಟಿನ ಬ್ರ್ಯಾಂಡು, ಪ್ರಮಾಣ, ಸಳಿಯ ಮಿಲಿಮೀಟರು, ಕಾಂಕ್ರೀಟು ಎಂ 20 ದರ್ಜೆಯದಾದರೆ 50 ಕಿಲೋ ಚೀಲಕ್ಕೆ 30 ಲೀಟರ್ ಮೀರದ ನೀರು, ಎಲ್ಲವೂ ಬರಲಿ. ತಂಡ ಮರಾಠಿಯದಾದರೆ ಕಾಗದವೂ ಮರಾಠಿಯಲ್ಲೇ ಇರಲಿ. ಜಗಳದ ದಿನ ಇಬ್ಬರೂ ಓದಬೇಕಲ್ಲ.

ಸಾಮಾನು ನಾವೇ ತರುವಾಗಿನ ಮೋಸ ಮರಳಿನದು. ಒಂದು ಬ್ರಾಸ್ ಎಂದರೆ 100 ಘನ ಅಡಿ. ಟ್ರಾಲಿ ಬಂದೊಡನೆ ಒಳಗಿನ ಉದ್ದ, ಅಗಲ, ಮರಳಿನ ಎತ್ತರ ಅಳೆದು ಗುಣಿಸಿ, ಇಳಿಸಿದ ಮೇಲಲ್ಲ.

ನೀರುಣಿಸುವ ಹೊಣೆ ಯಾರದೆಂದು ಮೂರೂ ದಾರಿಯಲ್ಲಿ ಮೊದಲೇ ಆಗಬೇಕು. ರೋಜಿನವನು ಸಂಜೆ ಮನೆಗೆ ಹೋಗುತ್ತಾನೆ, ಗುತ್ತಿಗೆಯವನು ಮುಂದಿನ ಊರಿಗೆ. ನಮ್ಮ ಬಿಸಿಲಿನಲ್ಲಿ ಕಾಂಕ್ರೀಟಿಗೆ ಕನಿಷ್ಠ 10 ದಿನ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ 14 ದಿನ ಗೋಣಿತಟ್ಟು ಒದ್ದೆಯಾಗಿರಬೇಕು. ಪಡುವಣ ಗೋಡೆಯ ಗಿಲಾವನ್ನು ಬೆಳಿಗ್ಗೆಯೇ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ನೆರಳು ಕಟ್ಟಿಸಿ. ಕಲಸಿದ ಗಾರೆ ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಇರಲಿ. ಬಿಗಿದ ಗಾರೆಗೆ ಮತ್ತೆ ನೀರು ಹಾಕಿ ಕಲಸುವವನನ್ನು ನಿಲ್ಲಿಸಿ.

ಹಣದ ಕಂತು ಹೀಗಿಡಿ: ಸಾಮಾನಿಲ್ಲದ ಗುತ್ತಿಗೆಗೆ ಮುಂಗಡ ಹತ್ತನೇ ಒಂದು ಪಾಲು ಸಾಕು, ಉಳಿದದ್ದು ಅಳೆದ ಕೆಲಸಕ್ಕೆ ವಾರವಾರ, ಕೊನೆಯ ಹತ್ತನೇ ಪಾಲು ಮೊದಲ ದೊಡ್ಡ ಮಳೆ ಆದ ಮೇಲೆ. ಕೆಲಸ ದೀಪಾವಳಿಯಿಂದ ಶಿವರಾತ್ರಿಯೊಳಗೆ ಮಾಡಿಸಿ. ನೀರೂ ಇರುತ್ತದೆ, ಬಿಸಿಲೂ ಕಡಿಮೆ. ಆದರೆ ಅದೇ ಹೊತ್ತಿಗೆ ಕಬ್ಬು ಕಡಿಯಲು ಜನ ಹೊರಟುಹೋಗಿರುತ್ತಾರೆ, ಗೌಂಡಿ ಸಿಕ್ಕರೂ ಬಿಗಾರಿಗಳು ಸಿಗುವುದಿಲ್ಲ. ದಸರೆಗೆ ಮೊದಲೇ ಇಬ್ಬರು ಬಿಗಾರಿಗಳ ಹೆಸರು ಹಿಡಿದು ಮಾತು ಮುಗಿಸಿಡಿ.